ಸೇಸಪ್ಪನ ಹತ್ತು ನಿಮಿಷದ ಡೆಮೊ

ಉಡುಪಿಯ ಸೇಸಪ್ಪ ಸಿಡ್ನಿಯ ಚಾಟ್ಸ್‌ವುಡ್ ಬಡಾವಣೆಯ ಆಫೀಸಿನಲ್ಲಿ ಕೂತು, ಅಲ್ಲಿನ ಮೂಲನಿವಾಸಿಗಳಿಗೆ ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸುವ ಮೊಬೈಲ್ ಪ್ರೋಗ್ರಾಂ ಬರೆದಿದ್ದ. ಆ ಸಮುದಾಯದ ಹಿರಿಯಾಕೆ ನೋರ್ಮಾ ಆಂಟಿ ಬೇಡವೆಂದರೆ ಎರಡು ವರ್ಷದ ಸಂಶೋಧನೆ ಅಲ್ಲಿಗೇ ಬಂದ್. ಹತ್ತೇ ನಿಮಿಷದಲ್ಲಿ ತೋರಿಸಿ ಮುಗಿಸುತ್ತೇನೆಂದು ಅವರ ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದ.

"ಅದಿರ್ಲಿ ಮಗಾ, ನಿನ್ನ ಅಮ್ಮನ ಕಡೆಯವ್ರು ಯಾರು?" ಎಂದರು ಆಂಟಿ.

ತಾಯಿಯ ಕಡೆಯಿಂದಲೇ ವಂಶ ಎಣಿಸುವ ತುಳುವನಿಗೆ ಕೇಳಬಾರದ ಪ್ರಶ್ನೆಯದು. ಅಜ್ಜಿ, ಮುತ್ತಜ್ಜಿ, ಸೋದರಮಾವಂದಿರು, ಅವರು ಕೋಳಿ ಕಾಳಗದ ಅಂಕದಲ್ಲಿ ಮಾಡಿದ ಜಗಳ, ಸೇಸಪ್ಪ ಹೇಳಿದ್ದೇ ಹೇಳಿದ್ದು. ಆಂಟಿಯೂ ತಮ್ಮ ಅಜ್ಜಿಯರನ್ನೆಲ್ಲ ಮಾತಿಗೆ ಎಳೆತಂದರು. ಚಹಾದ ಮೇಲೆ ಚಹಾ ಬಂತು.

ಸಂಜೆ ನೋಡಿದರೆ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿತ್ತು. "ಅಯ್ಯೋ, ಡೆಮೊ!" ಎಂದು ಸೇಸಪ್ಪ ಚಾರ್ಜರಿಗಾಗಿ ಚೀಲ ತಡಕಿದ.

"ಆಯ್ತಲ್ಲ, ನೀನು ಯಾರಂತ ಗೊತ್ತಾಯ್ತು," ಆಂಟಿ ನಕ್ಕರು. "ಮುಂದಿನ ವಾರ ಈ ಮಿಷಿನ್ ತಗೊಂಡ್ ಬಾ. ಅದ್ರ ಅಮ್ಮನ ಕಡೆಯವ್ರು ಯಾರಂತ ಅದನ್ನೂ ಕೇಳೋಣ."