ಹಿಡಿಕೆ ಇಲ್ಲದ ಗಾಡಿ

ಏಕಾಂತಯ್ಯನವರು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಜಗಳ ಆಡುವುದಕ್ಕೆ. ಲಷ್ಕರ್ ಮೊಹಲ್ಲಾದಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಜೊತೆಗೆ ಕಾಲು ಆಡದವರು ಕೈಯಲ್ಲಿ ಪೆಡಲ್ ತಿರುಗಿಸಿ ಓಡಿಸುವ ಮೂರು ಚಕ್ರದ ಗಾಡಿ, ಇಷ್ಟು ನನ್ನ ಕೆಲಸ. ಅವರಿಗೂ ಅಂಥ ಗಾಡಿಯೊಂದನ್ನು ಮಾಡಿ ಕಳಿಸಿದ್ದೆ. ಮಾರನೆಯ ಬೆಳಿಗ್ಗೆ ಅದರಲ್ಲೇ ಕೂತು ಬಂದುಬಿಟ್ಟರು.

"ಹಿಂದ್ಗಡೆ ಏನ್ರಿ ಇದು?"

"ಹಿಡಿಕೆ. ತಳ್ಳೋಕೆ."

"ತಳ್ಳಿ ಅಂತ ನಾನೇನಾದ್ರೂ ಕೇಳಿದ್ನಾ?"

"ಎಲ್ಲಾರ್ ಗಾಡಿಗೂ ಹಾಕ್ತೀವಿ ಅಯ್ನೋರೆ. ಏರು ಗೀರು ಬಂದ್ರೆ ಇರ್ಲಿ ಅಂತ."

"ಏರು ಬಂದ್ರೆ ಏರ್ತೀನಿ, ಆಗ್ದಿದ್ರೆ ವಾಪಸ್ ಬತ್ತೀನಿ. ಕುಯ್ದ್ಬುಡಿ ಅದನ್ನ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾಡಿದ ಕೆಲಸವನ್ನು ಕುಯ್ಯಿ ಅಂದರೆ ಯಾರಿಗೆ ಬರುವುದಿಲ್ಲ? ಬೇಕಾದರೆ ನೀವೇ ಕುಯ್ದುಕೊಳ್ಳಿ ಎಂದು ಗರಗಸವನ್ನು ಅವರ ತೊಡೆಯ ಮೇಲೆ ಇಟ್ಟೆ. ಅವರು ಸೀಟಿನಲ್ಲೇ ಹಿಂದಕ್ಕೆ ತಿರುಗಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಕುಯ್ಯತೊಡಗಿದರು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಹಿಡಿಕೆ ನೆಲಕ್ಕೆ ಬಿದ್ದ ಮೇಲೆ ಗರಗಸ ವಾಪಸ್ ಕೊಟ್ಟು, "ಟೀ ತರಿಸಿ, ಕುಡಿಯೋಣ" ಎಂದರು. ಅಲ್ಲಿಂದ ನಮ್ಮ ಸ್ನೇಹ. ಇಸವಿ ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು.

ಹಿಡಿಕೆ ಯಾಕೆ ಬೇಡ ಎನ್ನುವುದನ್ನು ಆಮೇಲೆ ಹೇಳಿದರು. ಹಿಡಿಕೆ ಕಂಡರೆ ದಾರಿಯಲ್ಲಿ ಹೋಗುವವರೆಲ್ಲ ಪುಣ್ಯ ಬರಲಿ ಎಂದು ತಳ್ಳುತ್ತಾರಂತೆ. ಎಲ್ಲಿಗೆ ಹೋಗಬೇಕು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲವಂತೆ.

ಅವರ ಊರು ನಂಜನಗೂಡಿನ ಕಡೆ. ಹೆಜ್ಜೆ ಇಡುವ ವಯಸ್ಸಿಗೇ ಪೋಲಿಯೋ ಬಂದು ಎರಡು ಕಾಲೂ ಹೋದವು. ಅಪ್ಪ ಇರುವ ತನಕ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬಂದರು. ಅಪ್ಪ ಹೋದ ಮೇಲೆ ಮೈಸೂರಿನ ಒಂದು ಮಠದ ಉಚಿತ ಹಾಸ್ಟೆಲ್ಲಿಗೆ ಸೇರಿಸಿದರು. ಅಲ್ಲಿ ಊಟದ ಮನೆ ಅಂಗಳದ ಆಚೆ ಇತ್ತು. ಮಳೆ ಬಂದರೆ ಕೆಸರು. ಮಹದೇವಪ್ರಸಾದ ಎಂಬ ಹುಡುಗ ಇವರನ್ನು ಬೆನ್ನ ಮೇಲೆ ಹೊತ್ತು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಇಬ್ಬರದೂ ಒಂದೇ ತಟ್ಟೆ ಎನ್ನುವ ಹಾಗೆ ಬೆಳೆದರು. ಅವನು ಲಾ ಓದಿ ವಕೀಲನಾದ. ಇವರು ಎಸ್ಸೆಸ್ಸೆಲ್ಸಿ ಮುಗಿಸಿ, ಅಂಗವಿಕಲರಿಗೆ ಮೀಸಲಾದ ಪಾಲಿನಲ್ಲಿ ಒಂಟಿಕೊಪ್ಪಲಿನಲ್ಲಿ ಒಂದು ಎಸ್‌ಟಿಡಿ ಬೂತು ಹಾಕಿಕೊಂಡರು. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರು ಊರಿಗೆ ಫೋನು ಮಾಡಲು ಅಲ್ಲಿಗೇ ಬರುತ್ತಿದ್ದರು. ಅವರಿಗೆಲ್ಲ "ಊಟ ಆಯ್ತಾ" ಎನ್ನುವುದನ್ನು ಕಲಿಸಿದವರು ಇವರೇ.

ಮಹದೇವಪ್ರಸಾದನಿಗೆ ನಾನು ಬಹುವಚನ ಹಾಕುವುದಿಲ್ಲ. ಓದುವವರು ಬೇಜಾರು ಮಾಡಿಕೊಳ್ಳಬಾರದು.

ಅವನ ಮದುವೆ ಮಹಡಿಯ ಮೇಲಿನ ಛತ್ರದಲ್ಲಿ ಆಯಿತು. ಏಕಾಂತಯ್ಯನವರನ್ನು ಕುರ್ಚಿಯ ಸಮೇತ ನಾಲ್ಕು ಜನ ಎತ್ತಿಕೊಂಡು ಹತ್ತಿದರು. ಯಾರೋ ತಮಾಷೆಗೆ, "ಸ್ವಾಮಿಗಳ ಪಲ್ಲಕ್ಕಿ ಬತ್ತಾ ಅದೆ, ದಾರಿ ಬುಡ್ರಪ್ಪ" ಎಂದರು. ಹೊತ್ತವರು ನಕ್ಕರು. ನಗುವಾಗ ಒಬ್ಬನ ಕೈ ಜಾರಿತು. ಇವರು ಮೆಟ್ಟಿಲ ಮೇಲೆ ಉರುಳಿ, ಪಂಚೆ ಬಿಚ್ಚಿಹೋಗಿ, ಹೆಂಗಸರು ಮಕ್ಕಳ ಮುಂದೆ ಹಾಗೇ ಬಿದ್ದಿದ್ದರು. ಉಣ್ಣದೆ ವಾಪಸ್ ಬಂದರು. ಅವತ್ತಿನಿಂದ ಒಂದೇ ಮಾತು: ನನ್ನನ್ನು ಇನ್ನು ಯಾರೂ ಎತ್ತಬಾರದು. ಹೋಗಲಾಗದ ಕಡೆಗೆ ಹೋಗುವುದಿಲ್ಲ, ಹೋಗಲೇಬೇಕಾದರೆ ಕೈಯೂರಿ ತೆವಳಿಕೊಂಡು ಹೋಗುತ್ತೇನೆ. ಮದುಮಗನ ಪೇಟವನ್ನೂ ತೆಗೆಯದೆ ಓಡಿ ಬಂದು ಇವರ ಪಂಚೆ ಸರಿಮಾಡಿದವನು ಮಹದೇವಪ್ರಸಾದನೇ. ಈ ಮಾತಿನ ಬೆಲೆ ಅವನಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೂ ಗೊತ್ತಿರಲಿಲ್ಲ. ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಅಂಗವಿಕಲರ ಮಾಸಾಶನಕ್ಕೆ ಪ್ರತಿ ವರ್ಷ ಒಂದು ಕಚೇರಿಗೆ ಹೋಗಿ, ಬದುಕಿದ್ದೇನೆ ಎಂದು ಮುಖ ತೋರಿಸಿ ಸಹಿ ಹಾಕಬೇಕಿತ್ತು. ಕಚೇರಿಯ ಹೆಸರು ಬರೆದರೆ ನಾಳೆ ನನ್ನ ಅಂಗಡಿಗೇ ನೋಟಿಸು ಬರುತ್ತದೆ, ಬೇಡ. ಆ ಕೆಲಸ ನಡೆಯುವುದು ಮಹಡಿಯ ಮೇಲೆ. ಕಾಲಿಲ್ಲದವರನ್ನೆಲ್ಲ ಮಹಡಿಗೆ ಕರೆಯುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತೋ. ಏಕಾಂತಯ್ಯನವರು ಪ್ರತಿ ವರ್ಷ ಎಲೆಯಡಿಕೆ ಉಗಿದ ಆ ಮೆಟ್ಟಿಲುಗಳನ್ನು ಕೈಯೂರಿಕೊಂಡೇ ಹತ್ತುತ್ತಿದ್ದರು. ಕೊನೆಗೆ ಭುಜದ ಕೀಲು ಸವೆದು, ಇನ್ನು ಹತ್ತಿದರೆ ಗಾಡಿ ಓಡಿಸುವ ಕೈಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು.

ಅಷ್ಟರಲ್ಲಿ ಕಾನೂನು ಬಂದಿತ್ತು. ಸುದ್ದಿ ತಂದವನೂ ಮಹದೇವಪ್ರಸಾದನೇ.

"ತೊಂಬತ್ತೈದರ ಆಕ್ಟ್ ಕಣೋ ಏಕಾಂತ. ಸರ್ಕಾರಿ ಕಟ್ಟಡಕ್ಕೆ ಇಳಿಜಾರು ದಾರಿ ಮಾಡ್ಬೇಕು ಅಂತ ಬರೆದವ್ರೆ. ಕೇಸ್ ಹಾಕೋಣ. ಫೀಸು ಗೀಸು ಮಾತಾಡ್ಬೇಡ."

"ಗಾಡೀಲೇ ಕೂತ್ಕೊಂಡು ಒಳಕ್ಕೆ ಹೋಗ್ಬೋದಾ?"

"ಸೀದಾ ಸಾಹೇಬ್ರ ಟೇಬಲ್ ತನ್ಕ ಹೋಗ್ತೀಯ."

ಇಳಿಜಾರು ಮಾಡಿ, ಇಲ್ಲವೇ ಆ ಕೆಲಸವನ್ನು ಕೆಳಗಿನ ಕೋಣೆಗೆ ತನ್ನಿ ಎಂದು ಅಂಗವಿಕಲರ ಆಯುಕ್ತರಿಗೆ ಅರ್ಜಿ ಹೋಯಿತು. ಏಕಾಂತಯ್ಯನವರು ವಕಾಲತ್ತಿಗೆ ಸಹಿ ಹಾಕಿದರು. ಬೆಂಗಳೂರಿನಲ್ಲಿ ವಿಚಾರಣೆ, ಮುಂದಿನ ತಾರೀಖು, ಮತ್ತೆ ಮುಂದಿನ ತಾರೀಖು. ವರ್ಷಗಳು ಹೋದವು. ಕೇಸು ನಡೆಯುವ ತನಕ ಜವಾನನೇ ಕೆಳಗೆ ಬಂದು ಸಹಿ ತೆಗೆದುಕೊಂಡು ಹೋಗುತ್ತಿದ್ದ. ಬೂತಿಗೆ ಬಂದ ತಮ್ಮಂಥ ಗಾಡಿಯವರಿಗೆಲ್ಲ ಇವರು ಹೇಳುತ್ತಿದ್ದದ್ದು ಒಂದೇ: "ನಂದು ಗೆಲ್ಲಲಿ, ಅದೇ ದಾರೀಲಿ ನೀವೂ ಬನ್ನಿ." ನನಗೆ ಬಂದು, "ಗೋವಿಂದರಾಜು, ಇಳಿಜಾರಿನ ಕೈಕಂಬಿ ನೀವೇ ಮಾಡ್ಬೇಕು" ಎಂದರು. ಕಂಬಿ ತಂದು ಗೋಡೆಗೆ ಒರಗಿಸಿ ಇಟ್ಟುಬಿಟ್ಟಿದ್ದೆ ನಾನು.

ಎರಡು ಸಾವಿರದ ಎರಡರ ಡಿಸೆಂಬರಿನಲ್ಲಿ ಮಹದೇವಪ್ರಸಾದ ಬೂತಿಗೆ ಬಂದ. ಅಂಗವಿಕಲರ ದಿನಾಚರಣೆಗೆ ಅದೇ ಕಚೇರಿಯವರು ಏಕಾಂತಯ್ಯನವರಿಗೆ ಸನ್ಮಾನ ಮಾಡುತ್ತಾರಂತೆ.

"ಅವರ ಮೇಲೆ ಕೇಸ್ ಹಾಕಿರೋನಿಗೆ ಅವರೇ ಸನ್ಮಾನನಾ?" ಎಂದು ನಾನು ಕೇಳಿದೆ.

"ನಿಮಗೆ ಇದೆಲ್ಲ ಗೊತ್ತಾಗಲ್ಲ ಗೋವಿಂದರಾಜು. ಅವ್ರು ಮೆತ್ತಗಾಗಿದ್ದಾರೆ ಅಂತ ಅರ್ಥ."

"ಎಲ್ಲಿ ಮಾಡ್ತಾರೆ?" ಎಂದರು ಏಕಾಂತಯ್ಯನವರು.

"ಕೆಳಗೇ ಕಣೋ. ಮೆಟ್ಲು ಮುಂದೆ ಶಾಮಿಯಾನ ಹಾಕಿಸ್ತೀನಿ. ನನಗೆ ಗೊತ್ತಿಲ್ವಾ?"

ಏಕಾಂತಯ್ಯನವರ ಹೆಂಡತಿ ಪ್ರೇಮಲೀಲಮ್ಮ ಸನ್ಮಾನದ ದಿನ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಆ ಯಮ್ಮನನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ. ಶಾಮಿಯಾನ ಇತ್ತು. ಕೆಳಗೆ ಮಖಮಲ್ಲಿನ ದೊಡ್ಡ ಕುರ್ಚಿಯೂ ಇತ್ತು. ಏಕಾಂತಯ್ಯನವರು ಗಾಡಿಯಿಂದ ತಾವೇ ಕೈಯೂರಿ ಆ ಕುರ್ಚಿಗೆ ಜರುಗಿ ಕೂತರು. ಮಹದೇವಪ್ರಸಾದ ಶಾಲು ಹೊದಿಸಿದ, ಗಂಧದ ಹಾರ ಹಾಕಿದ, ತನ್ನ ಕೈಯಾರೆ ಮೈಸೂರು ಪೇಟ ಇಟ್ಟ. ನಮ್ಮ ಊರಿನಲ್ಲಿ ಪೇಟ ತಲೆಯ ಮೇಲೆ ಕೂತಾದ ಮೇಲೆ ಬೇಡ ಎನ್ನುವವರಿಲ್ಲ. ಅದನ್ನು ತೆಗೆದರೆ ಇಟ್ಟವನ ಮುಖಕ್ಕೆ ಹೊಡೆದ ಹಾಗೆ. ಪೇಟ ಇಟ್ಟುಕೊಂಡವರು ಅಲುಗಾಡುವುದೂ ಇಲ್ಲ, ನಗುತ್ತಾ ಕೂರುತ್ತಾರೆ. ಕುರ್ಚಿಯ ಎರಡು ಬದಿಗೂ ಬಿದಿರು ಕಟ್ಟಿರುವುದು ಆಗ ನನ್ನ ಕಣ್ಣಿಗೆ ಬಿತ್ತು. ಮೇಲಿನಿಂದ ಹಾರಗಳು ಇಳಿಬಿದ್ದು ಮುಚ್ಚಿಕೊಂಡಿದ್ದವು.

"ಸಾಹೇಬ್ರು ಮೇಲಿದ್ದಾರೆ ಏಕಾಂತ, ಒಂದೇ ನಿಮಿಷ" ಎಂದ ಮಹದೇವಪ್ರಸಾದ.

"ಬ್ಯಾಡ ಕಣೋ, ಪ್ರಸಾದು" ಎಂದರು ಇವರು. ಬಹಳ ಸಣ್ಣ ದನಿಯಲ್ಲಿ.

"ಸ್ವಾಮಿಗಳಿಗೆ ಮಾಡೋ ಮರ್ಯಾದೆ ಇದು. ಸುಮ್ನಿರೋ."

ಜವಾನರು ಬಿದಿರಿಗೆ ಹೆಗಲು ಕೊಟ್ಟರು. ನಾನು ಮುಂದೆ ನುಗ್ಗಿ, "ಇಳಿಸ್ರೋ, ಅವ್ರು ಬ್ಯಾಡ ಅಂತಾವ್ರೆ" ಎಂದು ಒಬ್ಬನ ಕಾಲರ್ ಹಿಡಿದೆ. ಪೊಲೀಸಿನವನು ನನ್ನನ್ನು ಆಚೆಗೆ ಎಳೆದ. ಏಕಾಂತಯ್ಯನವರು ಹೆಂಡತಿಯ ಕಡೆ ನೋಡಿದರು. ಆ ಯಮ್ಮ ಸಂತೋಷಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಮುಗಿದು ನಿಂತಿದ್ದರು. ಇವರು ನನ್ನ ಕಡೆ ತಿರುಗಿ, "ಬುಟ್ಬುಡಿ ಗೋವಿಂದರಾಜು" ಎಂದರು. ನಾದಸ್ವರ ಶುರುವಾಯಿತು. ಹತ್ತಿಸಿಬಿಟ್ಟರು. ಫೋಟೋದವನು ಮೆಟ್ಟಿಲ ಮೇಲೆ ಮೊದಲೇ ಹೋಗಿ ನಿಂತಿದ್ದ.

ಆ ಫೋಟೋ ನಾನು ನೋಡಿದ್ದೇನೆ. ಸುತ್ತಲಿನವರೆಲ್ಲ ನಗುತ್ತಿದ್ದಾರೆ. ಪೇಟದ ಕೆಳಗೆ ಇವರ ಮುಖವೂ ನಕ್ಕ ಹಾಗೆಯೇ ಇದೆ. ಕೈಗಳು ಮಾತ್ರ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡಿವೆ, ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ.

ಸಂಕ್ರಾಂತಿ ಕಳೆದ ಮೇಲೆ ಕೇಸು ಮುಗಿಯಿತು ಎಂಬ ಸುದ್ದಿ ಬಂತು. ಏಕಾಂತಯ್ಯನವರ ವಕೀಲನೇ, ಏಕಾಂತಯ್ಯನವರ ಪರವಾಗಿಯೇ ಬರೆದುಕೊಟ್ಟಿದ್ದ: ಅರ್ಜಿದಾರರನ್ನು ಕಚೇರಿಯವರು ಗೌರವದಿಂದ ಮಹಡಿಗೆ ಕರೆದೊಯ್ಯುತ್ತಿದ್ದಾರೆ, ಅವರ ಕುಂದುಕೊರತೆ ಬಗೆಹರಿದಿದೆ. ಜೊತೆಗೆ ಆ ಫೋಟೋ.

ನಾನು ಮಹದೇವಪ್ರಸಾದನ ಮನೆಗೆ ಹೋಗಿ ಹಲ್ಲು ಉದುರಿಸುತ್ತೇನೆ ಎಂದು ಹೊರಟೆ. ಏಕಾಂತಯ್ಯನವರು ಗಾಡಿಯನ್ನು ನನ್ನ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದರು. "ಅವನಿಗೆ ಹೊಡೆದ್ರೆ ಕೇಸು ನಿಮ್ಮ ಮೇಲೆ ಬೀಳುತ್ತೆ. ಬನ್ನಿ, ಬೆಂಗಳೂರಿಗೆ ಹೋಗೋಣ. ನಾನೇ ಹೇಳ್ತೀನಿ."

ರೈಲಿನ ಮೆಟ್ಟಿಲನ್ನೂ ಆ ಕೆಟ್ಟ ಭುಜದಲ್ಲೇ ಹತ್ತಿದರು. ನಾನು ಚೀಲ ಹಿಡಿದು ಹಿಂದೆ ನಿಂತಿದ್ದೆ. ಅವರನ್ನು ಮುಟ್ಟಲಿಲ್ಲ.

ವಿಚಾರಣೆಯ ಅಧಿಕಾರಿ ವಯಸ್ಸಾದವರು, ಕೆಟ್ಟವರಲ್ಲ. ಫೋಟೋ ಮುಂದಿಟ್ಟರು. "ಇದರಲ್ಲಿರೋದು ನೀವೇ ಅಲ್ವೇನ್ರಿ?"

"ನಾನೇ ಸ್ವಾಮಿ."

"ಮತ್ತೆ ಮೇಲೆ ಹೋಗಿದ್ದೀರಲ್ಲ."

"ನಾನು ಹೋಗ್ಲಿಲ್ಲ ಸ್ವಾಮಿ. ನನ್ನ ಒಯ್ದರು."

ಅಧಿಕಾರಿ ಕನ್ನಡಕ ತೆಗೆದು ಫೈಲು ಮುಚ್ಚಿದರು. "ನಿಮ್ಮ ವಕೀಲರೇ ಬರೆದುಕೊಟ್ಟ ಮೇಲೆ ನಾನೇನು ಮಾಡ್ಲಿ? ಬೇರೆ ಅರ್ಜಿ ಹಾಕಿ" ಎಂದರು. ಹೊರಗೆ ಬಂದ ಮೇಲೆ ಏಕಾಂತಯ್ಯನವರು ಅತ್ತರು. ಕೇಸಿಗಾಗಿ ಅಲ್ಲ. "ಮಳೇಲಿ ಬೆನ್ ಮೇಲೆ ಹೊತ್ಕೊಂಡ್ ಹೋಗೋನು. ನನ್ನ ತೂಕ ಅವನಿಗೆ ಗೊತ್ತಿತ್ತು" ಎಂದರು.

ಯುಗಾದಿಯ ಹೊತ್ತಿಗೆ ಮಹದೇವಪ್ರಸಾದ ಅದೇ ಕಚೇರಿಯ ಕೇಸು ನಡೆಸುವ ಪ್ಯಾನಲ್ ವಕೀಲನಾದ. ಆಮೇಲೆ ಗೋಕುಲಂನಲ್ಲಿ ಮನೆ ಕಟ್ಟಿದ. ಬೇರೆ ಅರ್ಜಿಗೆ ಬೇರೆ ವಕೀಲರನ್ನು ಕೇಳಿದೆವು. ಎಲ್ಲರೂ ಫೋಟೋ ನೋಡಿ, ಇದೊಂದು ಇಲ್ಲದಿದ್ದರೆ ಆಗುತ್ತಿತ್ತು ಎಂದರು. ಗಾಡಿಯವರು ಬೂತಿಗೆ ಬರುವುದನ್ನು ಬಿಟ್ಟರು. ಪೇಟ ಹಾಕಿಸಿಕೊಂಡು ಕೇಸು ಬಿಟ್ಟರು ಎಂದು ಅವರಲ್ಲೇ ಮಾತು ಹಬ್ಬಿತ್ತು. ಪ್ರೇಮಲೀಲಮ್ಮ ಆ ಪೇಟವನ್ನು ಎಲ್ಲಿಟ್ಟರೋ, ಗೋಡೆಯ ಮೇಲಂತೂ ಇಲ್ಲ.

ಕೇಸು ಮುಗಿದ ಮೇಲೆ ಜವಾನ ಕೆಳಗೆ ಬರುವುದೂ ನಿಂತಿತು. ಏಕಾಂತಯ್ಯನವರು ಹತ್ತಲಿಲ್ಲ, ಎತ್ತಿಸಿಕೊಳ್ಳಲಿಲ್ಲ. ಹಾಜರಾಗಿಲ್ಲ ಎಂದು ಮಾಸಾಶನ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲು ಬಂದು ಬೂತೂ ಕಣ್ಣು ಮುಚ್ಚುತ್ತಿತ್ತು. ಎತ್ತಿಸಿಕೊಂಡು ಹೋಗಿ ಒಂದು ಸಹಿ ಹಾಕಿ ಬನ್ನಿ ಎಂದು ಪ್ರೇಮಲೀಲಮ್ಮ ಕೂಡ ಹೇಳಿ ನೋಡಿದರು.

"ಇನ್ನೊಂದು ಫೋಟೋ ಬೇಕಾ ನಿಂಗೆ?" ಎಂದರಂತೆ. ಆ ಯಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಪ್ರತಿ ವರ್ಷ ಆ ಸಹಿಯ ದಿನ ಏಕಾಂತಯ್ಯನವರು ಹೋಗುತ್ತಾರೆ. ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಹಾಕುವ ತನಕ ಕೂತಿರುತ್ತಾರೆ. ಯಾರನ್ನೂ ಏನೂ ಕೇಳುವುದಿಲ್ಲ. ಮೊದಲ ವರ್ಷ ನಾನೂ ಜೊತೆಗಿದ್ದೆ. ಮಹದೇವಪ್ರಸಾದ ಕರಿ ಕೋಟು ತೋಳಿಗೆ ಹಾಕಿಕೊಂಡು ಇಳಿದು ಬಂದ. ನಮ್ಮನ್ನು ಕಂಡು ನಿಂತ.

"ಬಿಸಿಲಲ್ಲಿ ಯಾಕೋ ಕೂತಿದ್ದೀಯ ಏಕಾಂತ? ಹುಡುಗರಿಗೆ ಹೇಳ್ಲಾ, ಎತ್ಕೊಂಡು ಹೋಗ್ತಾರೆ."

"ಹೇಳು. ಸಾಹೇಬ್ರಿಗೂ ಹೇಳು. ಇಳ್ಕೊಂಡು ಬರ್ಲಿ ಅಂತ."

"ಹಠ ಮಾಡ್ಬೇಡ. ನಾನು ಅವತ್ತು ನಿನ್ನ ಒಳ್ಳೇದಕ್ಕೇ..."

"ಪ್ರಸಾದು, ನೀನು ನಿನ್ನ ಕಾಲಲ್ಲಿ ಬಂದಿದ್ದೀಯ. ನಿನ್ನ ಕಾಲಲ್ಲೇ ಹೋಗು. ದಾರಿ ಬಿಟ್ಟಿದ್ದೀನಿ."

ಗಾಡಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು. ಅವನು ಬದಿಯಿಂದ ದಾಟಿ ಹೋದ.

ಈ ವರ್ಷವೂ ಹೋಗಿ ಕೂತಿದ್ದರು. ನಾನೂ ಜೊತೆಗಿದ್ದೆ. ಟೀ ತಂದುಕೊಟ್ಟ ಜವಾನ ಹೇಳಿದ, ವಕೀಲರು ಈಗ ಈ ಮೆಟ್ಟಿಲ ಕಡೆ ಬರುವುದಿಲ್ಲವಂತೆ. ಹಿಂದೆ ಕಕ್ಕಸಿನ ಪಕ್ಕ ಒಂದು ಕಬ್ಬಿಣದ ಏಣಿಮೆಟ್ಟಿಲು ಇದೆ, ಸಹಿಯ ದಿನ ಮಾತ್ರ ಅದರಲ್ಲೇ ಹತ್ತಿ ಅದರಲ್ಲೇ ಇಳಿಯುತ್ತಾರಂತೆ. ಏಕಾಂತಯ್ಯನವರು ಟೀ ಕುಡಿದು ಲೋಟ ವಾಪಸ್ ಕೊಟ್ಟರು.

"ಅದು ತುಕ್ಕು ಹಿಡಿದಿರ್ಬೇಕಲ್ಲ ಗೋವಿಂದರಾಜು" ಎಂದರು.

"ಹಿಡಿದಿದೆ. ನನ್ನ ಕರೆದಿದ್ರು ರಿಪೇರಿಗೆ. ಆಗಲ್ಲ ಅಂದೆ."

ಅವರು ಮೆಟ್ಟಿಲ ಕಡೆಗೇ ನೋಡುತ್ತಾ ಕೂತರು.