ಹಸಿ ಅಚ್ಚು

ನನ್ನ ಕೈ ಸುಮ್ಮನಿರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದರು. ಹಾವೇರಿಯಲ್ಲಿ ನಮ್ಮದು ಚಿನ್ನದ ಕೆಲಸದ ಪತ್ತಾರರ ಮನೆ. ಅಪ್ಪ ಒಂದು ಜೊತೆ ಬುಗುಡಿಯ ಮುಂದೆ ಇಡೀ ಮುಂಜಾನೆ ಅಲುಗದೆ ಕೂಡುತ್ತಿದ್ದರು. ನಾನು ಅಷ್ಟರಲ್ಲಿ ಹತ್ತು ಸಲ ಒಳಗೆ ಹೊರಗೆ ಓಡಾಡಿರುತ್ತಿದ್ದೆ. ಹೆಣ್ಣುಮಕ್ಕಳು ಅಗ್ಗಿಷ್ಟಿಕೆಯ ಮುಂದೆ ಕೂಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಾಗಾಗಿ ಎಂಬತ್ತರ ದಶಕದ ಕೊನೆಯಲ್ಲಿ, ಧಾರವಾಡದಲ್ಲಿ ಹೆಂಗಸರಿಗೆ ಹಿತ್ತಾಳೆ ಆಭರಣದ ಎರಕ ಕಲಿಸುತ್ತಾರೆಂದು ಕೇಳಿದ ದಿನವೇ ಹೆಸರು ಕೊಟ್ಟು ಬಂದೆ.

ಅಪ್ಪ ಹುಬ್ಬು ಗಂಟಿಕ್ಕಿದರು. "ಬಂಗಾರದ ಮನಿಯಾಗ ಹುಟ್ಟಿ ಹಿತ್ತಾಳಿ ಕಾಸ್ತೀಯೇನು?"

"ಬಂಗಾರ ನೀ ಮುಟ್ಟಗೊಡೂದಿಲ್ಲಲ್ಲಪ್ಪಾ," ಎಂದೆ. ಅವರು ಮತ್ತೆ ಬುಗುಡಿಯ ಮೇಲೆ ಬಗ್ಗಿದರು.

ಮೂರು ತಿಂಗಳು ಕಲಿತು ಬಂದವಳಿಗೆ ರಾಣೆಬೆನ್ನೂರಿನ ಒಂದು ಮಹಿಳಾ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತು. ಹಂಚಿನ ಮನೆ, ಹಿತ್ತಲಲ್ಲಿ ಕುಲುಮೆಯ ಗುಂಡಿ, ಕಲಿಯಲು ಹತ್ತು ಹನ್ನೆರಡು ಹೆಂಗಸರು. ಜೇನುಮೇಣವನ್ನು ದಾರದಂತೆ ಹೊಸೆದು ಪದಕ, ಓಲೆ ಮಾಡುವುದು. ಅದರ ಮೇಲೆ ಐರಣಿಯ ಹೊಳೆದಂಡೆಯಿಂದ ತಂದ ನುಣ್ಣನೆಯ ಮಣ್ಣು ಬಳಿದು, ಪದರದ ಮೇಲೆ ಪದರ ಕೊಟ್ಟು ಅಚ್ಚು ಕಟ್ಟುವುದು. ಅಚ್ಚು ಪೂರ್ತಿ ಒಣಗಿದ ಮೇಲೆ ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಪೊಳ್ಳಿಗೆ ಕರಗಿದ ಹಿತ್ತಾಳೆ ಹೊಯ್ಯಬೇಕು. ಬೆರಳ ಗುರುತು ಕೂಡ ಲೋಹದಲ್ಲಿ ಹಾಗೇ ಮೂಡುತ್ತದೆ. ಕೆಲಸದ ಮುಕ್ಕಾಲು ಪಾಲು ಬರೀ ಒಣಗಲು ಕಾಯುವುದು. ಅದೊಂದು ನನಗೆ ಬರುತ್ತಿರಲಿಲ್ಲ.

ಬ್ಯಾಡಗಿಯಿಂದ ಮುಂಜಾನೆಯ ರೈಲಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ಮುಸಲ್ಮಾನರ ಮನೆಯವಳು. ಸುಗ್ಗಿಯಲ್ಲಿ ತಾಯಿ ಮಗಳಿಬ್ಬರೂ ವ್ಯಾಪಾರಿಗಳ ಮೆಣಸಿನಕಾಯಿಗೆ ತುಂಬು ಬಿಡಿಸುವ, ಎಂದರೆ ತೊಟ್ಟು ಕೀಳುವ ಕೆಲಸ ಮಾಡುತ್ತಿದ್ದರು. ಉಳಿದವರು ಹತ್ತು ಸಲ ಹರಿದುಕೊಳ್ಳುತ್ತಿದ್ದ ಮೇಣದ ಎಳೆಯನ್ನು ಆಕೆ ಕೂದಲಿನಷ್ಟು ಸಪೂರ ಹೊಸೆಯುತ್ತಿದ್ದಳು. ಆ ಕೈ ನೋಡಿದಾಗಲೆಲ್ಲ ನನಗೆ ಅಪ್ಪನ ಕೈ ನೆನಪಾಗಿ ಒಂಚೂರು ಹೊಟ್ಟೆಕಿಚ್ಚಾಗುತ್ತಿತ್ತು.

ಮೊದಲ ವರ್ಷದ ಚಳಿಗಾಲದಲ್ಲಿ ಮೂರು ದಿನ ಮೋಡ ಮುಚ್ಚಿತು. ಅಚ್ಚುಗಳು ಒಣಗಿರಲಿಲ್ಲ. ಮರುದಿನ ಧಾರವಾಡದಿಂದ ಯಾರೋ ಕೇಂದ್ರ ನೋಡಲು ಬರುವವರಿದ್ದರು. ಅವರು ಬಾರದಿದ್ದರೂ ನಾನು ಒಣಗುವತನಕ ಕಾಯುತ್ತಿರಲಿಲ್ಲವೋ ಏನೋ. ಆ ಹುಡುಗಿ ಹೊಸೆದ ಪದಕ ಹೇಗೆ ಬರುತ್ತದೆ ಎಂದು ನೋಡುವ ಆತುರಕ್ಕೆ ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ.

ಆಕೆ ಅಚ್ಚನ್ನು ಕೆನ್ನೆಗೆ ಒತ್ತಿ ನೋಡಿ ಹೇಳಿದಳು, "ಅಕ್ಕಾರ, ಇನ್ನೂ ತಂಪು ಐತ್ರಿ. ನಾಳಿಗೆ ಮಾಡೂಣೇನ್ರಿ?"

"ಬೆಂಕ್ಯಾಗ ಇಟ್ಟರ ತಾನಾಗೇ ಒಣಗತೈತಿ. ನೀ ಲಗೂ ಹಿಡಿ."

ಮೇಣ ಇಳಿದು ಹೋದದ್ದನ್ನು ನೋಡಿ ಸಾಕೆಂದುಕೊಂಡೆ. ಅಚ್ಚನ್ನು ಮರಳಲ್ಲಿ ಹುಗಿದು, ಆಕೆಗೆ ಇಕ್ಕಳದಿಂದ ಒತ್ತಿ ಹಿಡಿಯಲು ಹೇಳಿ, ಕರಗಿದ ಹಿತ್ತಾಳೆಯ ಮೂಸೆ ಬಗ್ಗಿಸಿದೆ. ಒಳಗಿನ ಮಣ್ಣಿನಲ್ಲಿ ನೀರಿತ್ತು. ಪಟಾಕಿಯಂಥ ಸದ್ದು. ಅಚ್ಚು ಸಿಡಿದು ಹಿತ್ತಾಳೆ ಮೇಲಕ್ಕೆ ಚಿಮ್ಮಿತು. ನನ್ನ ಸೀರೆಗೆ ನಾಲ್ಕು ತೂತು ಬಿದ್ದವು. ಆಕೆಯ ಬಲಗೈ ಮುಂಗೈತನಕ ಸುಟ್ಟಿತು.

ಆಕೆ ಕೂಗಲಿಲ್ಲ. ಕೂಗಿದವಳು ನಾನು. ಯಾರೋ ಬಿಂದಿಗೆಯ ನೀರನ್ನೆಲ್ಲ ಆ ಕೈಮೇಲೆ ಸುರಿದರು. ಟಾಂಗಾದಲ್ಲಿ ಆಸ್ಪತ್ರೆಗೆ ಹೋಗುವಾಗ ಆಕೆ ನನ್ನ ಮುಖ ನೋಡದೆ ಹೇಳಿದ್ದು ಒಂದೇ ಮಾತು: "ನಾ ಹೇಳಿದ್ನೆಲ್ರಿ."

ಮರುದಿನದಿಂದ ನಾನು ಕೇಂದ್ರಕ್ಕೆ ಹೋಗಲಿಲ್ಲ. ಮನೆಯಲ್ಲೂ ನಿಲ್ಲಲಾಗಲಿಲ್ಲ. ಹಾವೇರಿ ಬಸ್ ನಿಲ್ದಾಣಕ್ಕೆ ಹೋಗುವುದು, ಬ್ಯಾಡಗಿ ಕಡೆಯ ಬಸ್ಸು ಹತ್ತುವುದು, ಅರ್ಧ ದಾರಿಯ ಮೋಟೆಬೆನ್ನೂರಿನಲ್ಲಿ ಇಳಿದು ಎದುರಿನ ಬಸ್ಸಿಗೆ ಹಿಂತಿರುಗುವುದು. ಹೀಗೆ ನಾಲ್ಕು ದಿನ ಮಾಡಿದೆ. ಐದನೆಯ ದಿನ ಅಪ್ಪ ಕೆಲಸದಿಂದ ತಲೆಯೆತ್ತದೆ ಕೇಳಿದರು, "ಆ ಹುಡುಗಿ ಮನಿಗೆ ಹೋಗಿದ್ದಿಯೇನು?"

"ಇಲ್ಲ."

"ಮತ್ತ ಎಲ್ಲಿಗೆ ಹೋಗಿ ಬರತಿ ದಿನಾ?"

ಅವತ್ತು ಮೋಟೆಬೆನ್ನೂರಿನಲ್ಲಿ ಇಳಿಯಲಿಲ್ಲ.

ಬ್ಯಾಡಗಿಯಲ್ಲಿ ಆ ಹುಡುಗಿಯ ಓಣಿಗೆ ಕಾಲಿಡುವ ಮೊದಲೇ ಮೆಣಸಿನಕಾಯಿಯ ಘಾಟಿಗೆ ಸೀನು ಹತ್ತಿತು. ಅಂಗಳದ ತುಂಬ ಕೆಂಪು ರಾಶಿ, ಪಕ್ಕದಲ್ಲಿ ತಾಯಿ ಒಬ್ಬರೇ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಒಳಗಿದ್ದ ಮಗಳಿಗೆ ಉರ್ದುವಿನಲ್ಲಿ ಏನೋ ಅಂದು, ನನ್ನ ಕಡೆ ತಿರುಗಿದರು.

"ಗಾಯಕ್ಕ ಖಾರ ತಾಗಿದರ ಜೀವಾ ಹೋಗತೈತಿ. ಈ ಸುಗ್ಗಿ ಪೂರಾ ಆಕಿ ಕೈ ಇಲ್ಲ ನಮಗ. ಮಾಫಿ ಕೇಳಾಕ ಬಂದಿಯೇನು? ಅದನ್ನ ತಗೊಂಡು ನಾ ಏನ್ ಮಾಡ್ಲಿ?"

ಚಪ್ಪಲಿ ಬಿಟ್ಟು ರಾಶಿಯ ಈಚೆ ಕೂತೆ. ಒಂದು ಕಾಯಿ ಎತ್ತಿಕೊಂಡು ತೊಟ್ಟು ಎಳೆದೆ. ಕಾಯಿಯೇ ಹರಿದು ಬೀಜ ಚೆಲ್ಲಿತು. ತಾಯಿ ನೋಡಿದರು, ಬೇಡವೆನ್ನಲಿಲ್ಲ.

ಹಾಗೆ ಸುಮಾರು ಎರಡು ತಿಂಗಳು ದಿನಾ ಹೋದೆ. ಮೊದಲ ವಾರ ಅಂಗೈ ಉರಿದು ಅನ್ನ ಕಲಸಲಾಗುತ್ತಿರಲಿಲ್ಲ. ಅರ್ಧ ತಾಸಿಗೊಮ್ಮೆ ಏಳಬೇಕೆನಿಸುತ್ತಿತ್ತು. ಎದ್ದು ನೀರು ಕುಡಿಯುತ್ತಿದ್ದೆ, ಬಾಗಿಲತನಕ ಹೋಗಿ ಬರುತ್ತಿದ್ದೆ. ಹುಡುಗಿ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಒಮ್ಮೆ ತಡೆಯದೆ ಅಂದಳು:

"ಜಗ್ಗಬ್ಯಾಡ್ರಿ ಅಕ್ಕಾರ. ಹಿಂಗ ತಿರುವಿ ಬಿಡಸ್ರಿ. ಕಾಯಿ ತಾನ ಬಿಡತೈತಿ."

ಎಡಗೈಯಲ್ಲಿ ತಿರುವಿ ತೋರಿಸಿದಳು. ಅಂದಿನಿಂದ ನನ್ನ ಕಾಯಿ ಹರಿಯುವುದು ಕಡಿಮೆಯಾಯಿತು. ತಾಯಿ ನನ್ನ ಮುಂದೆಯೂ ಒಂದು ಕಪ್ ಚಹಾ ಇಡತೊಡಗಿದರು.

ಗಾಯ ಮಾಗಿತು. ನಡುಬೆರಳು ಮಾತ್ರ ಪೂರ್ತಿ ಮಡಚಲಿಲ್ಲ. ಬಿಸಿಲು ಜೋರಾಗುವ ಹೊತ್ತಿಗೆ ಆಕೆ ತಾನೇ ಕೇಂದ್ರಕ್ಕೆ ಮತ್ತೆ ಬರುತ್ತೇನೆಂದಳು. ತಾಯಿ ಎರಡು ದಿನ ಜಗಳಾಡಿ ಸೋತರು. ನನಗೆ ಆಕೆ ಹೇಳಿದ್ದಿಷ್ಟೆ: "ಒಣಗೇತಿ ಅಂತ ನಾ ಹೇಳೂತನಕ ಯಾರೂ ಬೆಂಕಿ ಹಚ್ಚಬಾರದ್ರಿ. ನೀವೂ."

ಒಪ್ಪಿದೆ, ಕೇಂದ್ರಕ್ಕೆ ನಾನೂ ಮರಳಿದೆ. ಒಪ್ಪಿ ನಡೆದುಕೊಳ್ಳುವುದು ಸುಲಭವಿರಲಿಲ್ಲ. ಅಚ್ಚುಗಳು ಬಿಸಿಲಲ್ಲಿ ಸಾಲಾಗಿ ಕೂತಿದ್ದರೆ ನಾನು ಹಿತ್ತಲಲ್ಲಿ ಶತಪಥ ತಿರುಗುತ್ತಿದ್ದೆ. ಆಕೆ ಒಂದೊಂದನ್ನೂ ಕೆನ್ನೆಗೆ ಒತ್ತಿ, ತಲೆಯಾಡಿಸಿ ಮತ್ತೆ ಕೆಳಗಿಡುತ್ತಿದ್ದಳು. ಆರನೆಯ ದಿನ "ಹೂಂ" ಅಂದಳು. ಎರಡು ದಿಮ್ಮಿಗಳ ನಡುವೆ ಅಚ್ಚು ಸಿಕ್ಕಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಹೊಯ್ದೆ. ಮಣ್ಣು ಒಡೆದಾಗ ಆಕೆ ಮತ್ತೆ ಹೊಸೆದ ಪದಕ ಹಳದಿಯಾಗಿ ಹೊರಬಂತು. ಒಂದು ಎಳೆಯೂ ತುಂಡಾಗಿರಲಿಲ್ಲ. ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿದರು.

ತೊಂಬತ್ತರ ದಶಕದಲ್ಲಿ ಕೇಂದ್ರದವರು ಬ್ಯಾಡಗಿಯಲ್ಲೇ ಒಂದು ತರಗತಿ ತೆರೆದಾಗ ಅದನ್ನು ನಡೆಸಲು ಆಕೆಯನ್ನೇ ಕೇಳಿದರು. ಮೊದಲ ದಿನ ನನಗೂ ಹೇಳಿ ಕಳಿಸಿದಳು. ದೀಪ ಹಚ್ಚಲು ಕರೆದಿರಬೇಕೆಂದು ಹೊಸ ಸೀರೆ ಉಟ್ಟು ಹೋದೆ. ಎಂಟು ಹೆಂಗಸರು ಕೂತಿದ್ದರು.

"ನನ್ನ ಕೈ ಹೆಂಗ ಸುಟ್ಟಿತು, ನೀವ ಹೇಳ್ರಿ ಅಕ್ಕಾರ," ಅಂದಳು. "ನಾ ಹೇಳಿದರ ಹೆದರಸಾಕ ಹೇಳತಾಳ ಅಂತಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ನಿಂತುಕೊಂಡೇ ಹೇಳಿದೆ. ಮೋಡ, ಕೆನ್ನೆಗೆ ತಾಗಿದ ತಂಪು, ಲಗೂ ಹಿಡಿ ಅಂದದ್ದು, ಎಲ್ಲವನ್ನೂ. ಸೆರಗಿನ ತುದಿ ನನ್ನ ಕೈಯಲ್ಲಿ ಮುದ್ದೆಯಾಗಿತ್ತು. ಹೆಂಗಸರು ಒಮ್ಮೆ ನನ್ನನ್ನು, ಒಮ್ಮೆ ಆಕೆಯ ಬೆರಳನ್ನು ನೋಡಿದರು. ಮುಗಿದ ಮೇಲೆ ಆಕೆ "ಆತ್ರಿ" ಎಂದು ಮಣ್ಣಿನ ಬುಟ್ಟಿಯನ್ನು ನಡುವೆ ಎಳೆದು ಕಲಸಲು ಶುರುಮಾಡಿದಳು. ನಾನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಚಪ್ಪಲಿ ಮೆಟ್ಟಿ ಹಾವೇರಿಯ ಬಸ್ಸಿಗೆ ನಡೆದೆ.