ಹತ್ತು ಮಣಿಗೊಂದು ತೂಕ

ನಾನು ಪಿಸ್ತೂಲಿನ ತೋಟೆಗಳಿಗೆ ಸಿಡಿಮದ್ದು ತುಂಬುವ ಹೆಂಗಸು. ಹೀಗೆ ಹೇಳಿದ ಕೂಡಲೇ ಎದುರಿನವರ ಮುಖ ನೋಡಬೇಕು. ಅದಕ್ಕೇ ಹೇಳುವುದಿಲ್ಲ. ಕುವೈತಿನ ಮಂಗಫ್‌ನಲ್ಲಿರುವ ನಮ್ಮ ಕಟ್ಟಡದಲ್ಲಿ ಎಲ್ಲರೂ ನಾನು ಯಾವುದೋ ಸ್ಪೋರ್ಟ್ಸ್ ಕ್ಲಬ್ಬಿನ ಆಫೀಸಿನಲ್ಲಿದ್ದೇನೆ ಎಂದುಕೊಂಡಿದ್ದಾರೆ. ಪೂರ್ತಿ ಸುಳ್ಳೇನಲ್ಲ. ಕ್ಲಬ್ಬು ಹೌದು, ಗುರಿ ಹೊಡೆಯುವವರ ಕ್ಲಬ್ಬು. ಅಭ್ಯಾಸದಲ್ಲಿ ಹೊಡೆದು ಖಾಲಿಯಾದ ಹಿತ್ತಾಳೆಯ ಕೋಶಗಳನ್ನು ತೊಳೆದು, ಮತ್ತೆ ತುಂಬಿ ಕೊಡಲು ಪರವಾನಗಿ ಇರುವ ಒಂದು ಸಣ್ಣ ಕೋಣೆ ಅಲ್ಲಿದೆ. ಹಿಂದೆ ಆಸ್ಪತ್ರೆಯ ಫಾರ್ಮಸಿಯಲ್ಲಿ ಪುಡಿ ತೂಗುತ್ತಿದ್ದೆ. ಆ ಕೆಲಸ ಹೋಯಿತು, ತೂಗುವ ಕೈ ಉಳಿಯಿತು, ಆ ಕೈ ನೋಡಿ ಇವರು ಕರೆದರು.

ಕೋಣೆಯ ಯಜಮಾನರು ಈಜಿಪ್ಟಿನ ಒಬ್ಬ ವಯಸ್ಸಾದ ಬಂದೂಕು ಮೆಕ್ಯಾನಿಕ್. ಎಲ್ಲರಿಗೂ ಅವರು ಉಸ್ತಾದ್. ಮೊದಲ ದಿನ ಅವರು ಕಲಿಸಿದ್ದು ಎರಡೇ ಮಾತು. ಒಂದು ‘ಶ್ವಯ್ ಶ್ವಯ್’, ಅಂದರೆ ನಿಧಾನ. ಇನ್ನೊಂದು ‘ಸೇಮ್ ಸೇಮ್’. ಮೇಜಿಗೆ ಬಿಗಿದ ಯಂತ್ರದ ತಲೆಯ ಮೇಲೆ ಪುಡಿಯ ಡಬ್ಬಿ ಇರುತ್ತದೆ. ಹಿಡಿಕೆ ಎತ್ತಿದರೆ ಒಳಗಿನ ಗುಳಿ ತುಂಬುತ್ತದೆ, ಇಳಿಸಿದರೆ ಗುಳಿಯ ಪುಡಿ ಕೋಶಕ್ಕೆ ಬೀಳುತ್ತದೆ. ಕೇಳಲಿಕ್ಕೆ ಸುಲಭ. ಆದರೆ ಸೇರಿನಲ್ಲಿ ಅಕ್ಕಿ ಅಳೆದವರಿಗೆ ಗೊತ್ತು, ಮೆಲ್ಲಗೆ ಸುರಿದರೆ ಒಂದು ಅಳತೆ, ಕುಟ್ಟಿ ತುಂಬಿದರೆ ಇನ್ನೊಂದು. ಇಲ್ಲೂ ಹಾಗೆಯೇ. ಡಬ್ಬಿ ಅರ್ಧಕ್ಕಿಳಿದರೆ ವ್ಯತ್ಯಾಸ, ಎ.ಸಿ. ನಡುಗಿ ಮೇಜು ಅದುರಿದರೆ ವ್ಯತ್ಯಾಸ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಎಳೆಯುವ ಕೈಯದು. ಪುಡಿ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಹೊಡೆಯುವವರ ಕೈಯಲ್ಲೇ ಸಿಡಿಯುತ್ತದೆ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಲಿಫ್ಟು ಕೆಟ್ಟಿದೆ ಎಂದು ಬೆಳಿಗ್ಗೆ ವಾಚ್‌ಮನ್ ಜೊತೆ ಜಗಳವಾಡಿ ಬಂದ ದಿನ ಹಿಡಿಕೆ ದಢ್ ಎಂದು ಬೀಳುತ್ತಿತ್ತು, ಪುಡಿ ಭಾರ ತೂಗುತ್ತಿತ್ತು. ಊರಿನಿಂದ ತಂಗಿಯ ಫೋನ್ ಬಂದ ದಿನ ಕೈ ಸೋಮಾರಿಯಾಗುತ್ತಿತ್ತು. ಎಣಿಸಿ ನೋಡಿದೆ, ಹಾಡು ಗುನುಗಿ ನೋಡಿದೆ. ಹಾಡಿನಲ್ಲಿ ಇಷ್ಟವಾದ ಸಾಲು ಬಂದಾಗ ಕೈ ಓಡುತ್ತಿತ್ತು. “ಸಿಸ್ಟರ್, ಸೇಮ್ ಸೇಮ್!” ಎಂದು ಉಸ್ತಾದ್ ತಲೆ ಚಚ್ಚಿಕೊಳ್ಳುತ್ತಿದ್ದರು.

ಒಂದು ದಿನ, ಬೇಕೆಂದು ಮಾಡಿದ್ದಲ್ಲ, ಬಾಯಿಗೆ ‘ನಮಾನ್ ಮರಿಯೆ’ ಬಂತು. ನಮ್ಮ ಕೊಂಕಣಿ ಕ್ರಿಸ್ತುವರ ಮನೆಯಲ್ಲಿ ಮಾತು ಕಲಿಯುವ ಮೊದಲು ಕಲಿಯುವ, ದೇವಮಾತೆ ಮರಿಯಳ ಪ್ರಾರ್ಥನೆ ಅದು. ಜಪಮಾಲೆಯಲ್ಲಿ ಮಣಿಗೊಂದರಂತೆ ಹೇಳುವಾಗ ಅದರ ಮೊದಲರ್ಧ ಒಬ್ಬರು ಹೇಳುತ್ತಾರೆ, ಉಳಿದರ್ಧ ಎಲ್ಲರೂ ಹೇಳುತ್ತಾರೆ. ಮೊದಲರ್ಧಕ್ಕೆ ಹಿಡಿಕೆ ಎತ್ತಿದೆ, ಉಳಿದರ್ಧಕ್ಕೆ ಇಳಿಸಿದೆ. ಹತ್ತು ಮಣಿ ಮುಗಿದಾಗ ಹೇಳುವ ಸಣ್ಣ ಸ್ತುತಿಗೆ ಕೈ ಬಿಟ್ಟು, ಹತ್ತನೆಯ ಕೋಶದ ಪುಡಿಯನ್ನು ತಕ್ಕಡಿಗೆ ಸುರಿದೆ. ಮುಳ್ಳು ಹೋಗಿ ನಿಲ್ಲಬೇಕಾದಲ್ಲೇ ನಿಂತಿತು. ಮುಂದಿನ ಹತ್ತರಲ್ಲೂ ಅಲ್ಲೇ. ಸಂಜೆಯವರೆಗೂ ಅಲ್ಲೇ.

ಅಲ್ಲಿಂದ ಶುರುವಾಯಿತು ನನ್ನ ಪಾಪ. ಪಾಪ ಎಂದೇ ಹೇಳುತ್ತೇನೆ, ಆದರೆ ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಅದನ್ನು ಹೇಳೋಣವೆಂದರೆ ದೇವರ ಹತ್ತು ಆಜ್ಞೆಗಳಲ್ಲಿ ಯಾವುದರ ಕೆಳಗೆ ಹಾಕಬೇಕೋ ತಿಳಿಯಲಿಲ್ಲ. ಇಡೀ ದಿನ ದೇವಮಾತೆಯ ಹೆಸರು ಹೇಳುತ್ತಿದ್ದೆ, ಒಂದು ಸಲವೂ ಆಕೆಯನ್ನು ನೆನೆಯುತ್ತಿರಲಿಲ್ಲ.

ಗಂಡನಿಗೆ ಮಾತ್ರ ಹೇಳಿದೆ. ಅವನು ರಿಫೈನರಿಯಲ್ಲಿ ಪೈಪಿನ ಕೆಲಸದವನು. ನಮ್ಮಲ್ಲಿ ಜಗಳ ಕೊಂಕಣಿಯಲ್ಲಿ, ತಮಾಷೆ ಕನ್ನಡದಲ್ಲಿ. “ಆಯ್ತು ಬಿಡು, ಸ್ವರ್ಗದಲ್ಲಿ ನಿನ್ನ ಅಕೌಂಟ್ ಭರ್ಜರಿ ಉಂಟು,” ಎಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ದಿನಾ ಸಂಜೆ ಬಾಗಿಲು ತೆಗೆದ ಕೂಡಲೇ ಅವನ ಪ್ರಶ್ನೆ, “ಎಂತ, ಇವತ್ತು ಎಲ್ಲ ಸೇಮ್ ಸೇಮಾ?”

ನಗು ನಿಂತದ್ದು ನೆರೆಮನೆಯ ಜಪಮಾಲೆಯಲ್ಲಿ. ನಮ್ಮ ಮಹಡಿಯ ಹೆಂಗಸರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅವತ್ತು ಮುಂದಾಳು ನಾನು. ಎರಡು ಮಣಿ ಹೋಗಿರಲಿಲ್ಲ, ನನ್ನ ಬಲಗೈ ತಾನಾಗಿ ಮೇಲೆದ್ದಿತು. ಎಲ್ಲರೂ ಉಳಿದರ್ಧ ಹೇಳುವಾಗ ಕೆಳಗಿಳಿಯಿತು. ಮತ್ತೆ ಎದ್ದಿತು.

“ಎಂತ ಆಯ್ತು ಮಾರಾಯ್ತಿ ಕೈಗೆ?” ಎಂದು ಎದುರು ಮನೆಯ ಹಿರಿಯಾಕೆ ಕೇಳಿದರು. ನಮಗೆಲ್ಲ ಅವರು ‘ಬಾಯಿ’.

“ಭುಜ ಹಿಡ್ಕೊಂಡಿದೆ ಬಾಯಿ. ಆಡಿಸ್ತಾ ಇರ್ಬೇಕಂತೆ,” ಎಂದೆ. ಸುಳ್ಳು ಹೇಳುವುದರಲ್ಲೂ ಕೈ ಪಳಗಿತ್ತು ನೋಡಿ.

ಮರುವಾರ ಬಾಯಿ ಊರಿನಿಂದ ತಂದಿದ್ದ ತೈಲದ ಬಾಟಲಿ ಕೊಟ್ಟರು. ಅದಕ್ಕಿಂತ ಕೆಟ್ಟದ್ದು, ಪ್ರಾರ್ಥನೆಯ ಕೊನೆಗೆ ಎಲ್ಲರೂ ಕೈ ಜೋಡಿಸಿ ನನ್ನ ಭುಜ ಗುಣವಾಗಲೆಂದು ಬೇಡಿಕೊಂಡರು. ಏನೂ ಆಗದ ಭುಜಕ್ಕೆ! ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ನಾನು ತಲೆತಗ್ಗಿಸಿ ‘ಆಮೆನ್’ ಅಂದೆ.

ಈ ಬೇಸಿಗೆಯಲ್ಲಿ ಗಂಡ ಕಂಪೆನಿ ಬಸ್ಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ಜೊತೆಗಾರರು ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದರು, ಅದಕ್ಕೇ ಉಳಿದ. ರಕ್ತನಾಳಗಳು ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು, ಅದಕ್ಕೆ ಮೊದಲು ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ ಎಂದರು ಡಾಕ್ಟರು. ನನಗೆ ಇರುವುದು ಅವನೊಬ್ಬ. ಮಕ್ಕಳಿಲ್ಲ. ಅವನಿಲ್ಲದ ಆ ಎರಡು ಕೋಣೆಗಳನ್ನು ನೆನೆಯಲೂ ಆಗುತ್ತಿರಲಿಲ್ಲ.

ಆಗ ಒಂದು ತೀರ್ಮಾನ ಮಾಡಿದೆ. ಇನ್ನು ಮೇಲೆ ಆ ಪ್ರಾರ್ಥನೆ ಅವನಿಗೆ ಮಾತ್ರ. ಹಿತ್ತಾಳೆಗೆ, ಪುಡಿಗೆ, ಸಂಬಳಕ್ಕೆ ಒಂದು ಮಣಿಯೂ ಇಲ್ಲ. ದೇವರಿಗೆ ಇಷ್ಟು ದಿನ ಕೊಟ್ಟ ಬೂಸಾ ಸಾಕು, ಇನ್ನಾದರೂ ಕಾಳು ಕೊಡೋಣ ಎಂದುಕೊಂಡೆ. ರಜೆಯನ್ನು ಆಪರೇಷನ್ನಿನ ದಿನಕ್ಕೆ ಉಳಿಸಿಕೊಂಡು ಕೆಲಸಕ್ಕೆ ಹೋದೆ, ಬಾಯಿ ಮುಚ್ಚಿಕೊಂಡು ಹಿಡಿಕೆ ಎಳೆದೆ. ಕೈ ದಾರಿ ತಪ್ಪಿತು. ಹತ್ತನೆಯದು ಯಾವುದೆಂದೇ ತಿಳಿಯುತ್ತಿರಲಿಲ್ಲ. ಪ್ರತಿ ಕೋಶದೊಳಗೂ ಇಣುಕಿ ನೋಡಬೇಕಾದ ಕಣ್ಣು ಆಸ್ಪತ್ರೆಯಿಂದ ಫೋನ್ ಬಂದೀತೆಂದು ಮೊಬೈಲಿನ ಮೇಲೆ ಇರುತ್ತಿತ್ತು.

ಕ್ಲಬ್ಬಿಗೆ ಶಾಲೆ ಮುಗಿಸಿ ಬರುವ ಒಬ್ಬ ಟೀಚರ್ ಇದ್ದಾರೆ, ಕುವೈತಿನವರೇ. ಬಂದಾಗಲೆಲ್ಲ ನನ್ನ ಕಿಟಕಿಗೆ ಬಗ್ಗಿ, “ಸಿಸ್ಟರ್, ನಿಮ್ಮ ಕೈ ಬಂಗಾರ,” ಎನ್ನುವವರು. ಆಪರೇಷನ್ನಿನ ಹಿಂದಿನ ದಿನ ಅವರು ನಾನು ತುಂಬಿದ್ದನ್ನು ಹೊಡೆಯುತ್ತಿದ್ದರು. ನನ್ನ ಕೋಣೆಗೆ ಸದ್ದು ಕೇಳುತ್ತದೆ. ಢಂ, ಢಂ, ಢಂ. ಆಮೇಲೆ ಒಂದು ‘ಫಟ್’. ಬಾಟಲಿಯ ಮುಚ್ಚಳ ತೆಗೆದಷ್ಟೇ ಸದ್ದು.

“ಖಲಾಸ್! ಖಲಾಸ್!” ಸಾಕು, ನಿಲ್ಲಿಸಿ, ಎಂದು ಕೂಗುತ್ತಾ ಉಸ್ತಾದ್ ಓಡಿದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಗುಂಡು ನಳಿಗೆಯಲ್ಲೇ ಕೂತಿತ್ತು. ಟೀಚರ್ ಇನ್ನೊಮ್ಮೆ ಟ್ರಿಗರ್ ಎಳೆದಿದ್ದರೆ ಪಿಸ್ತೂಲು ಅವರ ಮುಖದ ಮುಂದೆಯೇ ಸಿಡಿಯುತ್ತಿತ್ತು. ಅವರಿಗೆ ಏನೂ ಆಗಲಿಲ್ಲ. ನೀರು ಕುಡಿದು, “ಮಾಲೇಶ್,” ಪರವಾಗಿಲ್ಲ, ಎಂದು ನನಗೇ ಸಮಾಧಾನ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಉಸ್ತಾದ್ ಅವತ್ತಿನ ತೋಟೆಗಳನ್ನೆಲ್ಲ ಬಿಚ್ಚಲು ನನ್ನ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ತಮ್ಮ ತುಟಿ ತೋರಿಸಿ, ಅರಬ್ಬಿ ಹಿಂದಿ ಬೆರೆಸಿ ಕೇಳಿದರು, “ಸಿಸ್ಟರ್, ಇದು ಈ ವಾರ ಯಾಕೆ ಬಂದ್?” ನೋಡಿದ್ದರು, ಇಷ್ಟು ದಿನವೂ ನೋಡಿದ್ದರು.

ಹೇಳಿದೆ. ಗಂಡನ ಎದೆ, ನನ್ನ ತೀರ್ಮಾನ, ಎಲ್ಲ. ಅವರು ಒಂದು ಗುಂಡನ್ನು ಎಳೆದು ತೆಗೆದು, ಪುಡಿಯನ್ನು ಬಟ್ಟಲಿಗೆ ಸುರಿದರು.

“ಟೀಚರಿಗೂ ಮನೆ ಇದೆ, ಕಾಯುವವರಿದ್ದಾರೆ, ಸಿಸ್ಟರ್. ಇಲ್ಲಿರುವಷ್ಟು ಹೊತ್ತು ಪ್ರಾರ್ಥನೆ ಹೇಳು,” ಎಂದರು.

ಮರುದಿನ ಆಪರೇಷನ್ ಥಿಯೇಟರಿನ ಹೊರಗೆ ಕೂತೆ. ಈಗಲಾದರೂ ಸರಿಯಾಗಿ, ಮನಸ್ಸಿಟ್ಟು, ಅವನ ಮುಖ ನೆನೆದು ಹೇಳಬೇಕೆಂದು ಕಣ್ಣು ಮುಚ್ಚಿದೆ. ಕೈ ಎದ್ದಿತು. ಕಣ್ಣ ಮುಂದೆ ಬಂದದ್ದು ಅವನಲ್ಲ, ಸಾಲಾಗಿ ನಿಂತ ಹಿತ್ತಾಳೆಯ ಕೋಶಗಳು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದೆ. ಕೈ ನಿಂತ ಕೂಡಲೇ ಮಾತೂ ನಿಂತಿತು. ಬಾಲ್ಯದಿಂದ ಬಂದ ಪ್ರಾರ್ಥನೆ, ಮುಂದಿನ ಶಬ್ದ ನೆನಪಾಗಲಿಲ್ಲ! ಅಳು ಬಂತು. ಕೊನೆಗೆ ಕೈ ಬಿಟ್ಟೆ, ಏನಾದರೂ ಮಾಡಿಕೋ ಎಂದು. ಅವನ ಎದೆ ತೆರೆದು ಹೊಲಿಯುವಷ್ಟು ಹೊತ್ತೂ ನಾನು ಹೊರಗೆ ಕೂತು ತೋಟೆ ತುಂಬಿದೆ. ಜೊತೆಗೆ ಬಂದಿದ್ದ ಎದುರು ಮನೆಯ ಬಾಯಿ ನನ್ನ ಬೆನ್ನು ಸವರುತ್ತಾ, “ಎಂಥ ಭಕ್ತಿ ನಿನ್ನದು, ಸ್ವರ ಒಂಚೂರು ನಡುಗ್ಲಿಲ್ಲ,” ಎಂದರು.

ಅವನಿಗೆ ಎಚ್ಚರವಾದಾಗ ನಾನು ಮಂಚದ ಪಕ್ಕದಲ್ಲಿದ್ದೆ. ಕೈ ಮಂಚದ ಕಂಬಿಯ ಮೇಲೆ ಎದ್ದು ಇಳಿಯುತ್ತಲೇ ಇತ್ತಂತೆ, ನನಗೆ ಗೊತ್ತಿಲ್ಲ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಒಣಗಿದ ತುಟಿಯಲ್ಲಿ ಮೆಲ್ಲಗೆ ಕೇಳಿದ, “ಎಲ್ಲ ಸೇಮ್ ಸೇಮ್ ಉಂಟಾ?”

“ಸಾಯ್ಲಿ ನಿನ್ನ ತಮಾಷೆ,” ಎಂದೆ. ಆ ಶಬ್ದ ಆಡಬಾರದ ಜಾಗದಲ್ಲಿ ಆಡಿ, ನಾಲಿಗೆ ಕಚ್ಚಿಕೊಂಡು, ಅವನ ಪಾದ ಹಿಡಿದು ಅತ್ತೆ.

ಅವನು ಈಗ ಮತ್ತೆ ಕೆಲಸಕ್ಕೆ ಹೋಗುತ್ತಾನೆ, ಕುಳಿತು ಮಾಡುವ ಕೆಲಸ. ಮಹಡಿಯ ಹೆಂಗಸರೆಲ್ಲ ನನ್ನ ಪ್ರಾರ್ಥನೆಯೇ ಅವನನ್ನು ಉಳಿಸಿತೆಂದು ಹೇಳುತ್ತಾರೆ. ನನ್ನ ಮುಖ ಬಿಸಿಯಾಗುತ್ತದೆ. ಅವನು ಏನೂ ಗೊತ್ತಿಲ್ಲದವನ ಹಾಗೆ ಚಹಾ ಕುಡಿಯುತ್ತಾನೆ.

ಬೆಳಿಗ್ಗೆ ಬಸ್ಸಿಗೆ ಇಳಿಯುವ ಮುಂಚೆ ಬಾಗಿಲಲ್ಲಿ ನಿಂತು, “ನನ್ನ ಲೆಕ್ಕದಲ್ಲೂ ಒಂದು ಎಳಿ ಆಯ್ತಾ,” ಎನ್ನುತ್ತಾನೆ. ತಮಾಷೆಗೇ ಎನ್ನುವುದು. ನಾನು ಎಳೆಯುತ್ತೇನೆ. ದಿನದ ಮೊದಲ ಕೋಶ ಅವನದು. ಆ ಒಂದನ್ನು ಹೇಳುವಾಗ ಬಸ್ಸಿನ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ, ಸ್ವರ ಒಡೆಯುತ್ತದೆ, ಹಿಡಿಕೆ ನಡುವೆಯೇ ತಡೆದು ನಿಲ್ಲುತ್ತದೆ. ತಕ್ಕಡಿಗೆ ಹಾಕಿದರೆ ಒಂದು ದಿನವೂ ತೂಕ ಸರಿ ಬಂದಿಲ್ಲ. ಅದನ್ನು ಡಬ್ಬಿಗೆ ವಾಪಸು ಸುರಿದು, ಟೀಚರಿನ ತೋಟೆಗಳಿಗೆ ಕೈ ಹಾಕುತ್ತೇನೆ.